ಕಡಲಹಕ್ಕಿಗಳ ಪಾಠಾಂತರ

ಬಸವನಗುಡಿಯಲ್ಲಿ ನೆಲೆಸಿದ ಕನ್ನಡ ಅಧ್ಯಾಪಕನಿಗೆ ಕಡಲಹಕ್ಕಿಗಳ ಗೊಡವೆ ಏಕೆಂದು ಶ್ರೋತೃಗಳು ಕೇಳಬಹುದು. ಕಾರಣವಿದೆ. ಓಲೆಗರಿಗಳ ಸಂಪಾದಕರು ತುಳಿದ ಹಾದಿಯನ್ನೇ ವಿಜ್ಞಾನಿಗಳು ಈಗ ಹಕ್ಕಿಗಳ ವಿಷಯದಲ್ಲಿ ಹಿಡಿದಿದ್ದಾರೆ.

2006ರ ಮೇ 30ರಂದು ಕಾರವಾರದ ಬಳಿ ‘ಓಷನ್ ಸೆರಾಯಾ’ ಎಂಬ ಹಡಗು ಬಂಡೆಗೆ ತಗಲಿ, ಅದರ ಇಂಧನ ತೈಲ ಕಡಲಿಗೆ ಹರಿಯಿತು. ತೈಲ ಮೆತ್ತಿದ ಗರಿ ನೀರನ್ನು ತಡೆಯಲಾರದು. ಮೈಯ ಬಿಸಿ ಆರಿ ಹಕ್ಕಿ ಸಾಯುತ್ತದೆ. ಕೊಕ್ಕಿನಿಂದ ಗರಿಯನ್ನು ತಿದ್ದಿಕೊಳ್ಳಹೋದರೆ ವಿಷ ಹೊಟ್ಟೆಗಿಳಿಯುತ್ತದೆ. ಇಂಥ ಅನಾಹುತವಾದ ತೀರದಲ್ಲಿ ಕೆಲವು ವರ್ಷಗಳ ಮೇಲೆ ಮತ್ತೆ ಹಕ್ಕಿಗಳು ಕಂಡರೆ, ಚೇತರಿಸಿಕೊಂಡವು ಎಂದು ನಾವು ಸಮಾಧಾನಪಡುತ್ತೇವೆ. ಆದರೆ ಅವು ಬದುಕುಳಿದವುಗಳ ಮಕ್ಕಳೋ, ತೆರವಾದ ಜಾಗಕ್ಕೆ ಬೇರೆಡೆಯಿಂದ ಬಂದವೋ? ತಲೆಯೆಣಿಕೆ ಇದಕ್ಕೆ ಉತ್ತರ ಹೇಳದು.

ಉತ್ತರ ಹುಡುಕುವುದು ಸಮೂಹ ತಳಿವಿಜ್ಞಾನ. ಲಿಪಿಕಾರನ ಕೈತಪ್ಪು ಪ್ರತಿಯಿಂದ ಪ್ರತಿಗೆ ಇಳಿದುಬರುವಂತೆ, ಡಿಎನ್‌ಎಯಲ್ಲಿ ಉಂಟಾದ ಸಣ್ಣ ಮಾರ್ಪಾಡು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಒಂದೇ ತಪ್ಪನ್ನು ಹೊತ್ತ ಓಲೆಗಳನ್ನು ಒಂದೇ ಮಾತೃಕೆಯ ಸಂತತಿಯೆಂದು ನಾವು ಗುರುತಿಸುವುದಿಲ್ಲವೆ? ಹಾಗೆಯೇ ಉದುರಿದ ಗರಿಯಿಂದಲೋ ಒಂದು ಹನಿ ರಕ್ತದಿಂದಲೋ ಹಕ್ಕಿ ಯಾವ ಶಾಖೆಯದೆಂದು ತರ್ಕಿಸಬಹುದು.

1989ರ ಮಾರ್ಚ್ 24ರಂದು ಅಲಾಸ್ಕದಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸೋರಿತು. ಸತ್ತ ಕಡಲಹಕ್ಕಿಗಳು ಎರಡೂವರೆ ಲಕ್ಷವೆಂದು ಒಂದು ಅಂದಾಜು. ಆ ಬಳಿಕ ಕೆನಡಾದ ವಿಕಿ ಫ್ರೀಸನ್ ಮತ್ತು ಸಂಗಡಿಗರು ಆ ಕಡಲಿನ ಹಕ್ಕಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಮಾರ್ಬಲ್ಡ್ ಮರ್ರ್‌ಲೆಟ್ ಎಂಬ ಹಕ್ಕಿಯಲ್ಲಿ ಅಲ್ಯೂಷಿಯನ್ ದ್ವೀಪಗಳ ಸಮೂಹವೇ ಬೇರೆ, ಭೂಖಂಡದ ತೀರದ ಸಮೂಹವೇ ಬೇರೆ ಎಂದು ಕಂಡುಬಂತು. ಒಂದೆಡೆ ಅಳಿದ ಶಾಖೆಯನ್ನು ಇನ್ನೊಂದೆಡೆಯ ಹಕ್ಕಿಗಳು ತುಂಬಿಕೊಡುವುವೆಂದು ನಂಬಿ ಕೂರಲಾಗದೆಂಬುದು ಇದರ ತಾತ್ಪರ್ಯ.

ಇನ್ನೊಂದು ಸಂಗತಿ. ಸಂಖ್ಯೆ ಮರಳಿದರೂ ಕಳೆದ ವೈವಿಧ್ಯ ಬೇಗ ಮರಳದು. ಉಳಿದ ಒಂದೇ ಓಲೆಯಿಂದ ನೂರು ಪ್ರತಿ ಮಾಡಿದರೂ ಕೈಗೆ ಬರುವುದು ಒಂದೇ ಪಾಠ. ವೈವಿಧ್ಯ ಕುಗ್ಗಿದ ಸಮೂಹಕ್ಕೆ ಹೊಸ ರೋಗವನ್ನೋ ಬದಲಾದ ಹವೆಯನ್ನೋ ಎದುರಿಸುವ ದಾರಿಗಳೂ ಕಡಮೆ.

ಆದರೆ ಈ ಹೋಲಿಕೆಗೆ ಅನಾಹುತಕ್ಕೆ ಮೊದಲಿನ ಸಾಕ್ಷ್ಯ ಬೇಕು. ವಸ್ತುಸಂಗ್ರಹಾಲಯಗಳ ಹಳೆಯ ಹಕ್ಕಿಚರ್ಮಗಳಿಂದಲೂ ಡಿಎನ್‌ಎ ತೆಗೆಯಬಹುದು. ಅವು ಎಲ್ಲ ತೀರಗಳಿಗೂ ಸಾಲವು. ಕಾರವಾರದ ಉತ್ತರಕ್ಕೆ, ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳ ಮೇಲೆ ರೀವ ಹಕ್ಕಿಗಳು ಗೂಡುಕಟ್ಟುತ್ತವೆ. ಅವುಗಳ ಮುಂದೆಯೇ ಹಡಗುಗಳ ಹಾದಿ. 2025ರ ಮೇ 25ರಂದು ಕೇರಳದ ತೀರದಾಚೆ ‘ಎಂಎಸ್‌ಸಿ ಎಲ್ಸಾ 3’ ಇಂಧನಸಹಿತ ಮುಳುಗಿತು. ಮುಂದಿನ ಹಡಗು ಮುನ್ಸೂಚನೆ ಕೊಟ್ಟು ಬಾರದು.

ಮಲ್ಲೇಶ್ವರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಗಳ ಕೇಂದ್ರವೇ ಇದೆ. ವಿದ್ಯೆಗೆ ನಮ್ಮಲ್ಲಿ ಬಡತನವಿಲ್ಲ. ಅರಣ್ಯ ಇಲಾಖೆಯ ಅನುಮತಿಯೊಡನೆ ಪ್ರತಿ ಋತುವಿನಲ್ಲೂ ಉದುರಿದ ಗರಿಗಳನ್ನು ಆಯ್ದು, ಊರು ತೇದಿ ಬರೆದಿಡುವ ಶ್ರದ್ಧೆ ಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಓಲೆಕಟ್ಟುಗಳ ಪಟ್ಟಿ ಬರೆಯಲು ಕುಳಿತರೆ ಫಲವೇನು?