ಹೊರಗೆ ಮಳೆ, ಒಳಗೆ ಸೂಜಿ-ದಾರ

ಇಂದಿನ ಮಾತು ಸೂಜಿ, ದಾರ ಮತ್ತು ಕೆಟ್ಟ ಹವೆ ಕುರಿತದ್ದು. ಮೊದಲು ಒಂದು ಹಳೆಯ ಸಂಗತಿ ಹೇಳುತ್ತೇನೆ.

1569ರ ಫೆಬ್ರುವರಿ ತಿಂಗಳು. ಸ್ಕಾಟ್ಲೆಂಡಿನ ರಾಣಿ ಮೇರಿ ತನ್ನ ದೇಶ ಬಿಟ್ಟು ಓಡಿಬಂದು ಇಂಗ್ಲೆಂಡಿನಲ್ಲಿ ಸೆರೆಯಾಗಿದ್ದಳು. ಆಕೆಯನ್ನು ಇರಿಸಿದ್ದು ಟಟ್‌ಬರಿ ಎಂಬ ಕೋಟೆಯಲ್ಲಿ. ಗಾಳಿ ಒಳನುಗ್ಗುವ, ಗೋಡೆ ಸದಾ ತೇವವಾಗಿರುವ ಜಾಗ ಅದು. ಕುದುರೆ ಸವಾರಿ, ಬೇಟೆ ಎಂದರೆ ಪ್ರಾಣ ಬಿಡುತ್ತಿದ್ದ ಇಪ್ಪತ್ತಾರರ ಹೆಣ್ಣುಮಗಳು ಚಳಿಗಾಲದಲ್ಲಿ ನಾಲ್ಕು ಗೋಡೆಗಳ ನಡುವೆ ಕೂರಬೇಕಾಯಿತು. ಆಗ ನಿಕೋಲಸ್ ವೈಟ್ ಎಂಬ ಅಧಿಕಾರಿ ಆಕೆಯನ್ನು ಭೇಟಿಯಾದ. ಹವೆ ಹೀಗಿರುವಾಗ ಹೊರಗೆ ಕಾಲಿಡುವಂತಿಲ್ಲ, ಒಳಗೆ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಕೇಳಿದ. ದಿನವಿಡೀ ಸೂಜಿ ಹಿಡಿದು ಕೂರುತ್ತೇನೆ, ಬಗೆಬಗೆಯ ಬಣ್ಣಗಳಿರುವುದರಿಂದ ಬೇಸರ ಅಷ್ಟಾಗಿ ಕಾಣುವುದಿಲ್ಲ, ಮೈಕೈ ನೋಯತೊಡಗಿದಾಗಷ್ಟೇ ಬಿಡುತ್ತೇನೆ ಎಂಬ ಅರ್ಥದ ಉತ್ತರ ಬಂತು. ವೈಟ್ ಇದನ್ನು ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳ ಮಂತ್ರಿ ಸೆಸಿಲ್‌ಗೆ ಬರೆದ ಕಾಗದದಲ್ಲಿ ದಾಖಲಿಸಿದ್ದಾನೆ.

ಮೇರಿಯ ಸೆರೆವಾಸ ಸುಮಾರು 19 ವರ್ಷ ನಡೆಯಿತು. 1587ರಲ್ಲಿ ಆಕೆಯ ತಲೆ ಕಡಿಸಲಾಯಿತು. ಆ ವರ್ಷಗಳಲ್ಲಿ ಆಕೆಯೂ, ಆಕೆಯ ಕಾವಲಿನ ಹೊಣೆ ಹೊತ್ತಿದ್ದ ಶ್ರೂಸ್‌ಬರಿ ಅರ್ಲ್‌ನ ಹೆಂಡತಿ ಬೆಸ್ ಆಫ್ ಹಾರ್ಡ್‌ವಿಕ್ ಕೂಡ ಮಾಡಿದ ಸೂಜಿ ಕೆಲಸ ಇಂದಿಗೂ ಉಳಿದಿದೆ. ಇಂಗ್ಲೆಂಡಿನ ನಾರ್ಫಕ್ ಜಿಲ್ಲೆಯ ಆಕ್ಸ್‌ಬರೊ ಹಾಲ್ ಎಂಬ ಮನೆಯಲ್ಲಿ ಅವರು ಹೊಲಿದ ತುಂಡುಗಳನ್ನು ಜೋಡಿಸಿದ ಪರದೆಗಳಿವೆ. ಪ್ರಾಣಿ, ಪಕ್ಷಿ, ಮೀನು, ಗಿಡಗಳ ಚಿತ್ರಗಳು ಅವು. ಗೆಸ್ನರ್ ಎಂಬ ಸ್ವಿಸ್ ಪಂಡಿತನ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿದ್ದ ಮರದಚ್ಚಿನ ಚಿತ್ರಗಳನ್ನು ನೋಡಿ ಹಲವನ್ನು ಎತ್ತಿಕೊಂಡಿದ್ದಾರೆ. ಎಡಿನ್‌ಬರೊದ ಹೋಲಿರೂಡ್ ಅರಮನೆಯಲ್ಲಿ ಮೇರಿ ಮಾಡಿದ ಒಂದು ಕಿತ್ತಳೆ ಬಣ್ಣದ ಬೆಕ್ಕು ಇದೆ, ಪಕ್ಕದಲ್ಲೊಂದು ಇಲಿ. ಬೆಕ್ಕು ಎಂದರೆ ಕೆಂಗೂದಲಿನ ಎಲಿಜಬೆತ್, ಇಲಿ ಎಂದರೆ ತಾನೇ ಎಂದು ಮೇರಿ ಸೂಚಿಸಿದ್ದಾಳೆ ಎಂದು ಅನೇಕರು ಓದುತ್ತಾರೆ.

ಇಂಥ ಕೆಲಸಕ್ಕೆ ಇಂಗ್ಲಿಷಿನಲ್ಲಿ ನೀಡಲ್‌ಪಾಯಿಂಟ್ ಎನ್ನುತ್ತಾರೆ. ಬಟ್ಟೆಯ ಮೇಲೆ ಹೂಬಳ್ಳಿ ಬರೆದುಕೊಂಡು ಅದರ ಗೆರೆಯ ಮೇಲೆ ಹೊಲಿಯುವ ಕೆಲಸ ಇದಲ್ಲ. ಇಲ್ಲಿ ಬಟ್ಟೆಯೇ ಲೆಕ್ಕದ ಹಲಗೆ. ಹಾಸು ಎಳೆ, ಹೊಕ್ಕು ಎಳೆ ಎರಡೂ ಸ್ಪಷ್ಟವಾಗಿ ಕಾಣುವಂಥ, ನಡುವೆ ತೂತು ಬಿಟ್ಟ ಗಟ್ಟಿ ಕ್ಯಾನ್ವಾಸ್ ತೆಗೆದುಕೊಳ್ಳುತ್ತಾರೆ. ಎಳೆಗಳು ಕೂಡುವ ಒಂದೊಂದು ಜಾಗದ ಮೇಲೂ ಉಣ್ಣೆಯಿಂದ ಒಂದು ಓರೆ ಹೊಲಿಗೆ. ಹೀಗೆ ಕ್ಯಾನ್ವಾಸ್ ಕಾಣದಂತೆ ಇಡೀ ಮೈ ಮುಚ್ಚಿಬಿಡುತ್ತಾರೆ. ಆದ್ದರಿಂದಲೇ ಅದು ಕುರ್ಚಿಯ ದಿಂಬು, ಕಾಲುಮಣೆಯ ಹೊದಿಕೆಗಳಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಎಲ್ಲ ಹೊಲಿಗೆಯೂ ಒಂದೇ ದಿಕ್ಕಿಗೆ ಎಳೆಯುವುದರಿಂದ ಕೆಲಸ ಮುಗಿಯುವ ಹೊತ್ತಿಗೆ ಕ್ಯಾನ್ವಾಸ್ ಓರೆಯಾಗಿರುತ್ತದೆ. ಆಗ ಅದನ್ನು ಒದ್ದೆ ಮಾಡಿ, ಹಲಗೆಯ ಮೇಲೆ ನಾಲ್ಕೂ ಮೂಲೆ ನೇರ ಮಾಡಿ, ಮೊಳೆ ಚುಚ್ಚಿ ಒಣಗಿಸಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್ ನಗರದ ಮುದ್ರಕರು ಚೌಕುಳಿ ಕಾಗದದ ಮೇಲೆ ಬಣ್ಣ ತುಂಬಿದ ಮಾದರಿಗಳನ್ನು ಅಚ್ಚು ಹಾಕಿ ಮಾರಿದರು. ಕಾಗದದ ಒಂದು ಚೌಕ ಎಂದರೆ ಬಟ್ಟೆಯ ಒಂದು ಹೊಲಿಗೆ. ಚಿತ್ರ ಬರೆಯಲು ಬಾರದವರಿಗೂ ಚಿತ್ರ ಮಾಡುವ ದಾರಿ ತೆರೆಯಿತು. ಈ ಬಗೆಯ ಕೆಲಸ ನಮಗೂ ಹೊಸದಲ್ಲ. ನಮ್ಮ ಎಷ್ಟೋ ಹಳೆಯ ಮನೆಗಳ ಪಡಸಾಲೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ‘ಸುಸ್ವಾಗತ’ ಎಂಬ ಅಕ್ಷರವೋ, ಜೋಡಿ ಗಿಳಿಯೋ, ಕೊಳಲು ಹಿಡಿದ ಕೃಷ್ಣನೋ ತೂಗುತ್ತಿರುತ್ತದೆ. ಮ್ಯಾಟಿ ಬಟ್ಟೆಯ ಮೇಲೆ ಚೌಕ ಎಣಿಸಿ ಮಾಡಿದ ಕೆಲಸ ಅದು.

ನಮ್ಮ ಉತ್ತರ ಕರ್ನಾಟಕದ ಕಸೂತಿಯೂ ಎಳೆ ಎಣಿಸಿಯೇ ಮಾಡುವಂಥದ್ದು. ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಸೀಮೆಯಲ್ಲಿ ಬೆಳೆದ ಈ ಕೆಲಸಕ್ಕೆ ಇಂದು ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಇಳಕಲ್ ಸೀರೆಯ ಮೇಲೆ, ಕುಬಸದ ಮೇಲೆ, ಎಳೆಗೂಸಿನ ಕುಂಚಿಗೆಯ ಮೇಲೆ ಹೆಂಗಸರು ಇದನ್ನು ಹಾಕುತ್ತ ಬಂದಿದ್ದಾರೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಹಾಕಿದ ಕಸೂತಿಗೆ ಮದುವೆಯಲ್ಲಿ ದೊಡ್ಡ ಗೌರವ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನಂದಿ, ನವಿಲು, ತೊಟ್ಟಿಲು, ಪಲ್ಲಕ್ಕಿ ಇವೆಲ್ಲ ಅದರಲ್ಲಿ ಬರುತ್ತವೆ. ಸೆರಗಿನ ಹತ್ತಿರ ದೊಡ್ಡ ಚಿತ್ರ, ಮೇಲೆ ಹೋದಂತೆ ಸಣ್ಣದು.

ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಯ್ಗಿ, ಮೆಂತೆ. ಮೆಂತೆ ಎಂದರೆ ಗುಣಾಕಾರದ ಗುರುತಿನಂಥ ಅಡ್ಡಹೊಲಿಗೆ. ನೇಯ್ಗಿಯಲ್ಲಿ ಉದ್ದ-ಗಿಡ್ಡ ಎಳೆಗಳನ್ನು ಸಾಲಾಗಿ ಹಾಯಿಸುವುದರಿಂದ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮುರಗಿಯಲ್ಲಿ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗವಂತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಳೆಗಾಲದ ಮಧ್ಯಾಹ್ನಕ್ಕೆ ಅದಕ್ಕಿಂತ ಹಿತವಾದ ಕೆಲಸ ನನಗೆ ಕಂಡಿಲ್ಲ.

ಒಂದು ನೇರ ಗೆರೆ ಬೇಕು ಎಂದುಕೊಳ್ಳಿ. ಸೂಜಿಯನ್ನು ಮೇಲಕ್ಕೆ ತಂದು ಒಂದು ಚೌಕ ದಾಟಿಸಿ ಕೆಳಗೆ ಇಳಿಸಿ. ಮುಂದಿನ ಚೌಕವನ್ನು ಬಟ್ಟೆಯ ಅಡಿಯಿಂದ ದಾಟಿಸಿ. ಮತ್ತೆ ಮೇಲೆ, ಮತ್ತೆ ಕೆಳಗೆ. ಕೊನೆ ಮುಟ್ಟಿದಾಗ ನಿಮ್ಮ ಮುಂದಿರುವುದು ತುಂಡು ತುಂಡು ಗೆರೆ. ಈಗ ಅದೇ ದಾರಿಯಲ್ಲಿ ಹಿಂದಕ್ಕೆ ಬನ್ನಿ. ಹೋಗುವಾಗ ಖಾಲಿ ಬಿಟ್ಟ ಚೌಕ ಬರುವಾಗ ತುಂಬುತ್ತದೆ. ಅಡಿಯಲ್ಲಿಯೂ ಹಾಗೆಯೇ. ಹೊರಟ ಜಾಗಕ್ಕೆ ಮರಳುವ ಹೊತ್ತಿಗೆ ಬಟ್ಟೆಯ ಎರಡೂ ಮೈಯಲ್ಲಿ ಒಂದೇ ತರಹದ ಗೆರೆ ಮೂಡಿರುತ್ತದೆ. ಗಂಟು ಹಾಕುವಂತಿಲ್ಲ. ಶುರುವಿನ ಎಳೆಯನ್ನೂ ಕೊನೆಯ ಎಳೆಯನ್ನೂ ಹೊಲಿಗೆಯೊಳಗೇ ಹಾಯಿಸಿ ಅಡಗಿಸಬೇಕು.

ಗೆರೆಗೆ ಕವಲು ಬಂದಾಗ ನಿಜವಾದ ಲೆಕ್ಕ ಶುರುವಾಗುತ್ತದೆ. ತುಳಸಿಗಿಡದ ಕಾಂಡದ ಮೇಲೆ ಹೋಗುತ್ತಿದ್ದೀರಿ, ಬಲಕ್ಕೊಂದು ಎಲೆ ಬಂತು. ಕಾಂಡ ಬಿಟ್ಟು ಎಲೆಯ ತುದಿಯ ತನಕ ಹೋಗಿ, ಅದೇ ದಾರಿಯಲ್ಲಿ ಮರಳಿ, ಎಲೆಯ ಕೆಲಸವನ್ನು ಪೂರ್ತಿ ಮುಗಿಸಿಯೇ ಕಾಂಡಕ್ಕೆ ಬರಬೇಕು. ಬಳಿಕ ಮುಂದಿನ ಎಲೆ. ಹೀಗೆ ಮಾಡಿದರೆ ಪ್ರತಿಯೊಂದು ಗೆರೆಯ ಮೇಲೂ ಎರಡೇ ಸಲ ಸಾಗಿರುತ್ತೀರಿ, ಹೋಗುವಾಗೊಮ್ಮೆ, ಬರುವಾಗೊಮ್ಮೆ. ಗಣಿತದವರು ಹಾಳೆಯ ಮೇಲೆ ಚುಕ್ಕಿ-ಗೆರೆ ಎಳೆದು ಬಿಡಿಸುವ ಸಮಸ್ಯೆ ಇದು. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಎಷ್ಟೋ ಅಜ್ಜಿಯರು ಕಾಗದವಿಲ್ಲದೆ, ಪೆನ್ಸಿಲ್ಲಿಲ್ಲದೆ, ಇಡೀ ತೇರಿನ ದಾರಿಯನ್ನು ತಲೆಯಲ್ಲಿಟ್ಟುಕೊಂಡು ಬಿಡಿಸುತ್ತಿದ್ದರು. ಅದನ್ನು ಬಿಡುವಿನ ಕೈಕೆಲಸ ಎಂದಷ್ಟೇ ಕರೆದರೆ ಅವರ ಬುದ್ಧಿಗೆ ಅನ್ಯಾಯವಾಗುತ್ತದೆ.

ಇದೇ ಹೊಲಿಗೆ ಯುರೋಪಿನಲ್ಲಿಯೂ ಇತ್ತು. ಅಲ್ಲಿ ಅದಕ್ಕೆ ಹೋಲ್ಬೈನ್ ಎಂಬ ಚಿತ್ರಕಾರನ ಹೆಸರಿದೆ. ಆತ ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರ್‌ಳ ಭಾವಚಿತ್ರ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ತೋಳಿನ ಅಂಚಿನಲ್ಲಿ ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದ ಕೆಲಸವನ್ನು ಒಂದೊಂದು ಗೆರೆಯೂ ತಿಳಿಯುವಂತೆ ಆತ ಬರೆದಿದ್ದಾನೆ.

ಈಗ ಹವೆಯ ಮಾತಿಗೆ ಬರೋಣ. ಧಾರವಾಡ ಅರೆ ಮಲೆನಾಡು, ಅರೆ ಬಯಲುಸೀಮೆ. ಪುನರ್ವಸು, ಪುಷ್ಯ ಮಳೆಗಳು ಹಿಡಿದುಕೊಂಡರೆ ಒಂದೇ ಸಮನೆ ಜಿಟಿಜಿಟಿ. ಆಷಾಢದಲ್ಲಿ ಹೊಸ ಮದುಮಗಳು ತವರಿನಲ್ಲಿರುತ್ತಾಳೆ. ಶ್ರಾವಣದ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅಂಗಳದ ಕೆಲಸ ನಿಂತಿರುತ್ತದೆ, ಮನೆಯಲ್ಲಿ ನಾಲ್ಕು ಜನ ಹೆಂಗಸರು ಕೂಡಿರುತ್ತಾರೆ. ಕಲಿಯಲು, ಕಲಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಯಾವುದು?

ಎಣಿಕೆಯ ಕೆಲಸ ಮಳೆಯ ದಿನಕ್ಕೆ ಒಗ್ಗುವುದಕ್ಕೆ ಕಾರಣಗಳಿವೆ. ಮಳೆ ಯಾವಾಗ ನಿಲ್ಲುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಹೀಗೆ ಕೊನೆ ತಿಳಿಯದೆ ಕಾಯುವಾಗಲೇ ಮನಸ್ಸು ಕುದಿಯುವುದು. ಸೂಜಿ ಕೆಲಸದಲ್ಲಿ ಒಂದೊಂದು ಹೊಲಿಗೆಗೂ ತನ್ನದೇ ಶುರು, ತನ್ನದೇ ಕೊನೆ ಇದೆ. ಕಾಲು ಗಂಟೆ ಸಿಕ್ಕರೆ ಒಂದು ಎಲೆ, ಇಡೀ ಮಧ್ಯಾಹ್ನ ಸಿಕ್ಕರೆ ಒಂದು ತುಳಸಿಕಟ್ಟೆ. ಮಳೆ ಬಿಟ್ಟಿತೆಂದು ನಡುವೆ ಎದ್ದು ಹೋದರೂ ಕೆಲಸ ಕೆಡುವುದಿಲ್ಲ, ಬಿಟ್ಟಲ್ಲಿಂದ ಹಿಡಿಯಬಹುದು. ಕರೆಂಟು ಹೋದರೂ ಕಿಟಕಿಯ ಬೆಳಕು ಸಾಕು. ಎಣಿಸುವಾಗ ಬೇರೆ ಚಿಂತೆ ನಡುವೆ ಬರುವುದು ಕಷ್ಟ. ಬಂದರೆ ಎಣಿಕೆ ತಪ್ಪುತ್ತದೆ, ತಪ್ಪಿದ ಎಳೆ ಮುಂದೆ ಗೆರೆ ಕೂಡುವ ಕಡೆ ತಾನೇ ತೋರಿಸಿಕೊಡುತ್ತದೆ. ಮೇರಿ ಹೇಳಿದ ಬಣ್ಣದ ಮಾತೂ ನಿಜ. ಹೊರಗೆಲ್ಲ ಬೂದಿ ಬಣ್ಣ ಕವಿದಿರುವಾಗ ತೊಡೆಯ ಮೇಲೆ ಕೆಂಪು, ಹಸಿರು, ಕಿತ್ತಳೆ ದಾರಗಳಿದ್ದರೆ ಕಣ್ಣಿಗೆ ಹಬ್ಬ.

ಹೊಸದಾಗಿ ಶುರು ಮಾಡುವವರಿಗೆ ನಾಲ್ಕು ಮಾತು. ಅಂಗುಲಕ್ಕೆ 14 ಚೌಕ ಬರುವ ಮ್ಯಾಟಿ ಬಟ್ಟೆಯ ಒಂದು ತುಂಡು ತನ್ನಿ. 56 ಚೌಕ ಅಗಲದ ಗೋಪುರ ಅದರ ಮೇಲೆ ಸರಿಯಾಗಿ 4 ಅಂಗುಲ ಆಗುತ್ತದೆ. ಹೀಗೆ ಮೊದಲೇ ಲೆಕ್ಕ ಹಾಕಿಕೊಂಡು ಬಟ್ಟೆ ಕತ್ತರಿಸಿ. ಮೊನೆ ಮೊಂಡಾದ ಸೂಜಿ ಬೇಕು. ಚೂಪು ಸೂಜಿ ಎಳೆಯನ್ನೇ ಸೀಳಿಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಕಸೂತಿ ದಾರದ ಲಡಿಯಲ್ಲಿ 6 ಎಳೆ ಸೇರಿರುತ್ತವೆ, ಇದಕ್ಕೆ ಎರಡು ಎಳೆ ಸಾಕು. ದಾರದ ಉದ್ದ ಒಂದು ಮೊಳ ಮೀರಬಾರದು. ಮೀರಿದರೆ ಸಿಕ್ಕಾಗುತ್ತದೆ, ಬಟ್ಟೆಯಲ್ಲಿ ತೂರಿ ತೂರಿ ಹೊಳಪೂ ಹೋಗುತ್ತದೆ. ಬಟ್ಟೆಯ ನಡು ಎಲ್ಲಿ ಎಂದು ಮಡಚಿ ಗುರುತು ಮಾಡಿಕೊಂಡು ಅಲ್ಲಿಂದಲೇ ಶುರು ಮಾಡಿ. ಕೈ ಪಳಗಿದ ಮೇಲೆ ರೇಷ್ಮೆಗೆ ಹೋಗಬಹುದು. ರೇಷ್ಮೆಯ ಎಳೆ ಎಣಿಸುವುದು ಕಷ್ಟವಾದ್ದರಿಂದ ಅದರ ಮೇಲೆ ತೆಳು ಜಾಳಿಗೆ ಬಟ್ಟೆ ಟಾಕಿ, ಎರಡಕ್ಕೂ ಸೇರಿಸಿ ಹೊಲಿದು, ಕೊನೆಗೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ.

ಮಳೆಗಾಲಕ್ಕೆಂದೇ ಕೆಲವು ಎಚ್ಚರಿಕೆಗಳಿವೆ. ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಮಲಗಬೇಡಿ. ತೇವಕ್ಕೆ ತುಕ್ಕು ಹಿಡಿದರೆ ಆ ಕಲೆ ಸುಲಭವಾಗಿ ಹೋಗುವುದಿಲ್ಲ. ಕೈ ಬೆವರುತ್ತಿದ್ದರೆ ತೊಳೆದು ಒರೆಸಿಕೊಂಡು ಕೂತುಕೊಳ್ಳಿ. ಬಣ್ಣಕ್ಕೆ ಬಣ್ಣ ಹೊಂದಿಸುವುದನ್ನು ಹಗಲಿನ ಬೆಳಕಿನಲ್ಲೇ ಮಾಡಿ. ದೀಪದ ಬೆಳಕಿನಲ್ಲಿ ನೀಲಿ, ಹಸಿರು ಒಂದಕ್ಕೊಂದು ಮೋಸ ಮಾಡುತ್ತವೆ. ಕೆಂಪು ದಾರ ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಅರಳೆಯಿಂದ ಒರೆಸಿ ನೋಡಿ. ತೊಳೆದ ಬಟ್ಟೆಯನ್ನು ಸುತ್ತಿಡದೆ ಫ್ಯಾನಿನ ಕೆಳಗೆ ಹರಡಿ, ಪೂರ್ತಿ ಒಣಗಿದ ಮೇಲೆ ದಪ್ಪ ಟವೆಲ್ಲಿನ ಮೇಲೆ ಬೋರಲು ಹಾಕಿ ಇಸ್ತ್ರಿ ಮಾಡಿ. ಇನ್ನು ಮೈಕೈ ನೋಯುವ ತನಕ ಕೂರುವ ವಿಷಯದಲ್ಲಿ ಮೇರಿಯನ್ನು ಅನುಸರಿಸಬೇಡಿ. ಆಗಾಗ ತಲೆಯೆತ್ತಿ ದೂರದ ಮರವನ್ನು ನೋಡಿ, ಎದ್ದು ನಾಲ್ಕು ಹೆಜ್ಜೆ ಓಡಾಡಿ.

ಗಂಡಸರಿಗೂ ಮಕ್ಕಳಿಗೂ ಈ ಕೆಲಸ ಹೊರತಲ್ಲ. ರಜೆ ಸಿಕ್ಕು ಮನೆಯಲ್ಲಿ ಕೂತ ಮಕ್ಕಳ ಕೈಗೆ ಚೌಕುಳಿ ಹಾಳೆ ಕೊಟ್ಟು ಒಂದು ಆನೆ ಬಿಡಿಸಲು ಹೇಳಿ. ಲೆಕ್ಕದ ಪುಸ್ತಕ ಕಲಿಸದ ಏಕಾಗ್ರತೆಯನ್ನು ಆ ಆನೆ ಕಲಿಸುತ್ತದೆ.

ಕೊನೆಯದಾಗಿ ಒಂದು ವಿನಂತಿ. ನಮಗೆ ಮಳೆಯ ಹೊತ್ತಿನ ಸಂತೋಷವಾಗಿರುವ ಈ ಕೆಲಸವೇ ಧಾರವಾಡ-ಹುಬ್ಬಳ್ಳಿಯ ಸುತ್ತಮುತ್ತ ಅನೇಕ ಹೆಣ್ಣುಮಕ್ಕಳಿಗೆ ವರ್ಷವಿಡೀ ಹೊಟ್ಟೆಪಾಡು. ಸ್ವತಃ ಒಂದು ಸಣ್ಣ ಗೋಪುರ ಹಾಕಿ ನೋಡಿದವರಿಗೆ ಒಂದು ಸೆರಗಿನ ಹಿಂದಿರುವ ದಿನಗಳ ಅಂದಾಜು ಸಿಗುತ್ತದೆ. ಕಸೂತಿ ಸೀರೆ ಕೊಳ್ಳುವಾಗ ಸೆರಗನ್ನು ತಿರುಗಿಸಿ ನೋಡಿ. ಕೈಯಿಂದ ಹಾಕಿದ ಗವಂತಿಯಾದರೆ ಹಿಂದೆಯೂ ಮುಂದಿನಂತೆಯೇ ಇರುತ್ತದೆ. ಯಂತ್ರದ ಕೆಲಸವಾದರೆ ಹಿಂಬದಿಯಲ್ಲಿ ಬೇರೆ ದಾರ ಕಾಣುತ್ತದೆ. ಕೈಕೆಲಸ ಎಂದು ಖಾತ್ರಿಯಾದ ಮೇಲೆ ಚೌಕಾಸಿ ಮಾಡದೆ ಅದರ ಬೆಲೆ ಕೊಡಿ. ನಿಮ್ಮ ಮನೆಯಲ್ಲಿ ಕಸೂತಿ ಬಲ್ಲ ಹಿರಿಯರಿದ್ದರೆ ಈ ಮಳೆಗಾಲದಲ್ಲೇ ಅವರ ಪಕ್ಕದಲ್ಲಿ ಕೂತು ಒಂದು ಹೊಲಿಗೆಯನ್ನಾದರೂ ಕಲಿತುಕೊಳ್ಳಿ.