ತಲೆಯ ಮೇಲಿನ ಗಂಟು

ಹಿರೇವಡ್ಡಟ್ಟಿಯ ಕತೆಗಾರ ಗೆಳೆಯರೊಬ್ಬರು ನಿನ್ನೆ ಫೋನ್ ಮಾಡಿದ್ದರು. ಅವರ ಪ್ರಕಾಶಕರು ಅಂಗಡಿ ಮುಚ್ಚುತ್ತಾರಂತೆ. ಗೌರವಧನದ ಮಾತು ಹಾಗಿರಲಿ, ಉಳಿದ 300 ಪ್ರತಿ ಒಯ್ಯಿರಿ ಅಂದರಂತೆ. “ಎಲ್ಲಿಡ್ಲಿ ಸರ? ಜೋಳದ ಚೀಲಕ್ಕ ಜಾಗಿಲ್ಲ.”

ನನಗೆ ಗಳಗನಾಥರು ನೆನಪಾದರು. ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದ ಆ ಮಾಸ್ತರರು ಪುಸ್ತಕದ ಗಂಟು ತಾವೇ ಹೊತ್ತು ಊರೂರು ಮಾರಿದವರು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದ ಜಿ.ಬಿ. ಜೋಶಿಯವರು ಓದುಗರನ್ನೇ ಚಂದಾದಾರರನ್ನಾಗಿಸಿ ಮಾಲೆ ನಡೆಸಿದರು. ಹೊರೆ ಹೊರುವುದನ್ನು ಹೊಗಳುತ್ತಿಲ್ಲ. ಕುತ್ತಿಗೆ ನೋವು ಹೊತ್ತವರಿಗೇ ಗೊತ್ತು.

ಗೆಳೆಯರಿಗೆ ಹೇಳಿದೆ: ಹಕ್ಕು ನಿಮ್ಮದೇ ಅಂತ ಬರೆಸಿಕೊಳ್ಳಿ, ಅಚ್ಚಿನ ಫೈಲೂ ಇಸಕೊಳ್ಳಿ. ಸಂತೆಯ ದಿನ ಮುಂಡರಗಿ ಬಸ್‌ಸ್ಟ್ಯಾಂಡಿಗೆ ಬರ್ತೀನಿ, ಒಂದು ಗಂಟು ನನ್ನ ಕೈಗೂ ಕೊಡಿ.