ಬೊಕ್ಕಸಕ್ಕೊಂದು ಕಟ್ಟಳೆ: ಡಾಕ್ಟರ್ ಅಂಬೇಡಕರರ ಅರ್ಥವಿದ್ಯೆ



ಸಾರ್ವಜನಿಕ ದ್ರವ್ಯವನ್ನು ಕೈಯಲ್ಲಿ ಹಿಡಿದವನಿಗೆ ಸದ್ಬುದ್ಧಿಯೊಂದಿದ್ದರೆ ಸಾಕೇ, ಅಥವಾ ಆ ಕೈಗೂ ಒಂದು ಕಟ್ಟಳೆ ಬೇಕೇ? ಈ ಪ್ರಶ್ನೆಗೆ ತಮ್ಮ ಜೀವಮಾನದ ವಿದ್ಯೆಯಿಂದ ಉತ್ತರವಿತ್ತವರು ಡಾಕ್ಟರ್ ಭೀಮರಾವ್ ಅಂಬೇಡಕರರು. ಸಂವಿಧಾನಶಿಲ್ಪಿಗಳೆಂದು ಲೋಕವು ಅವರನ್ನು ಬಲ್ಲದು. ಅವರು ಮೊದಲು ಅರ್ಥಶಾಸ್ತ್ರಜ್ಞರಾಗಿದ್ದರೆಂಬುದನ್ನು ನೆನೆಯುವವರು ವಿರಳ.

1913ರಲ್ಲಿ ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. 1916ರಲ್ಲಿ ಲಂಡನ್ನಿಗೆ ಬಂದು ಅರ್ಥಶಾಸ್ತ್ರವನ್ನೂ ನ್ಯಾಯಶಾಸ್ತ್ರವನ್ನೂ ಜೊತೆಯಾಗಿ ಕೈಕೊಂಡರು. ವೇತನದ ಅವಧಿಯು ಮುಗಿಯಲು 1917ರಲ್ಲಿ ಬಡೋದೆಯ ಸೇವೆಗೆ ಮರಳಿದರೆ, ಅಸ್ಪೃಶ್ಯರೆಂಬ ಕಾರಣದಿಂದ ಅಲ್ಲಿ ತಂಗಲು ನೆಲೆಯೇ ದೊರೆಯಲಿಲ್ಲ. ಅರಸರ ಸೌಜನ್ಯವಿತ್ತು, ಆದರೆ ಕಟ್ಟಳೆಯ ಬೆಂಬಲವಿಲ್ಲದ ಸೌಜನ್ಯವು ಒಂದು ರಾತ್ರಿಯ ಆಸರೆಯನ್ನೂ ಕೊಡಲಾರದೆ ಹೋಯಿತು.

1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾಗಿ, 1920ರಲ್ಲಿ ಪುನಃ ಲಂಡನ್ನಿಗೆ ತೆರಳಿ, 1922ರಲ್ಲಿ ಬ್ಯಾರಿಸ್ಟರ್ ಆದರು. ಅವರ ಪ್ರೌಢಪ್ರಬಂಧವಾದ ‘ರೂಪಾಯಿಯ ಸಮಸ್ಯೆ’ಯು ಆಂಗ್ಲಭಾಷೆಯಲ್ಲಿ 1923ರಲ್ಲಿ ಪ್ರಕಟವಾಯಿತು.

1893ರಲ್ಲಿ ಟಂಕಸಾಲೆಗಳು ಜನರ ಬೆಳ್ಳಿಗೆ ಮುಚ್ಚಲ್ಪಟ್ಟ ಮೇಲೆ, ಎಷ್ಟು ರೂಪಾಯಿಗಳನ್ನು ಹೊರಡಿಸಬೇಕೆಂಬುದು ಸರ್ಕಾರದ ಇಚ್ಛೆಗೆ ಸೇರಿತ್ತು. ತರುವಾಯ ರೂಢಿಗೆ ಬಂದ ಸ್ವರ್ಣವಿನಿಮಯ ಪದ್ಧತಿಯನ್ನು ಪ್ರಖ್ಯಾತ ಕೇನ್ಸ್ ಪಂಡಿತರೇ ಸಮರ್ಥಿಸಿದ್ದರು. ಅಂಬೇಡಕರರು ಒಪ್ಪಲಿಲ್ಲ. ನಾಣ್ಯವು ಮಿತಿಮೀರಿದರೆ ಬೆಲೆಗಳು ಏರುವುವು. ವರ್ತಕನು ಸರಕಿನ ಬೆಲೆಯನ್ನು ಏರಿಸಿಕೊಳ್ಳುವನು, ಕೂಲಿಕಾರನ ಕೂಲಿ ಮಾತ್ರ ಅಷ್ಟು ಬೇಗ ಏರದು. ಆದುದರಿಂದ ನಾಣ್ಯದ ಪ್ರಮಾಣವನ್ನು ಅಧಿಕಾರಿಗಳ ವಿವೇಕಕ್ಕೆ ಬಿಡದೆ ನಿಯಮದಿಂದ ಬಂಧಿಸಬೇಕೆಂಬುದೇ ಅವರ ಸಿದ್ಧಾಂತ.

1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಅವರು ಸಾಕ್ಷ್ಯವಿತ್ತರು. ಅವರು ಬಯಸಿದ ಚಿನ್ನದ ನಾಣ್ಯವನ್ನು ಆಯೋಗವು ಅಂಗೀಕರಿಸಲಿಲ್ಲ. ಕೇಂದ್ರ ಬ್ಯಾಂಕೊಂದನ್ನು ಶಿಫಾರಸು ಮಾಡಿತು. 1935ರಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿತವಾಯಿತು. ಅದು ಅವರೊಬ್ಬರದೇ ಕೃತಿಯೆಂಬುದು ಅತಿಶಯೋಕ್ತಿ. ಅವರ ಕೀರ್ತಿಗೆ ಅಂತಹ ಅಲಂಕಾರವು ಬೇಕಾಗಿಯೂ ಇಲ್ಲ.

ಅದೇ ವರ್ಷ ಅವರು ಮುಂಬಯಿಯ ಸರ್ಕಾರಿ ನ್ಯಾಯವಿದ್ಯಾಲಯದ ಪ್ರಾಂಶುಪಾಲರಾದರು. ಅರ್ಥವಿದ್ಯೆಯೂ ನ್ಯಾಯವಿದ್ಯೆಯೂ ಒಂದಾಗಿ ಫಲಿಸಿದುದು ಸಂವಿಧಾನದಲ್ಲಿ. ಶಾಸನದ ಅನುಮತಿಯಿಲ್ಲದೆ ಸಂಚಿತ ನಿಧಿಯಿಂದ ಒಂದು ಕಾಸೂ ಹೊರಬೀಳದೆಂದು 266ನೆಯ ವಿಧಿಯು ಕಟ್ಟು ಮಾಡಿದೆ. ಕೇಂದ್ರಕ್ಕೂ ರಾಜ್ಯಗಳಿಗೂ ತೆರಿಗೆಯ ಪಾಲನ್ನು ಶಿಫಾರಸು ಮಾಡಲು ಹಣಕಾಸು ಆಯೋಗವನ್ನು 280ನೆಯ ವಿಧಿಯು ವಿಧಿಸಿದೆ. ಮಹಾಲೇಖಪಾಲರನ್ನು ಸರ್ವೋಚ್ಚ ನ್ಯಾಯಾಧೀಶರಂತೆಯೇ ಸುಲಭವಾಗಿ ತೆಗೆದುಹಾಕಲಾಗದು. ಲೆಕ್ಕ ನೋಡುವ ಆ ಅಧಿಕಾರಿಯ ಕರ್ತವ್ಯವು ನ್ಯಾಯಾಂಗದ ಕರ್ತವ್ಯಕ್ಕಿಂತಲೂ ಹಿರಿದೆಂದು ಅಂಬೇಡಕರರು 1949ರಲ್ಲಿ ಸಂವಿಧಾನ ಸಭೆಯಲ್ಲಿ ಪ್ರತಿಪಾದಿಸಿದರು.

ಸದ್ಭಕ್ತರೇ, ಹತ್ತು ಜನರ ಹಣವನ್ನು ಹಿಡಿದವನು ಸಜ್ಜನನಾಗಿರಲೆಂದು ಹಾರೈಸುವುದು ಉಚಿತವೇ. ಆದರೆ ಆ ಹಾರೈಕೆಯು ಸುಳ್ಳಾದ ದಿನ ನಷ್ಟವನ್ನು ಹೊರುವವನು ಬಡವನು. ಆದಕಾರಣ ಲೆಕ್ಕ ಕೇಳುವವನನ್ನು ವೈರಿಯೆಂದೆಣಿಸದೆ, ಲೆಕ್ಕವೊಪ್ಪಿಸುವುದನ್ನು ಅಪಮಾನವೆಂದು ಭಾವಿಸದೆ ನಡೆಯುವುದೇ ಆ ಮಹನೀಯರ ವಿದ್ಯೆಗೆ ಸಲ್ಲಿಸತಕ್ಕ ಗೌರವವು.